ಉಂಡಿಯ ಅಳತಿ

ಚಾಕಣದ ಮೋಹಿತೆಬಾಯಿ ಮಗಳ ಮದಿವಿಗೆ
ಹನ್ನೊಂದು ಬ್ಲೌಜು ಹೊಲಿಸಿಕೊಂಡು
ರೊಕ್ಕದ ಬದಲಿ ಒಂದು ರಟ್ಟಿನ ಡಬ್ಬಿ ಕೊಟ್ಟಳು.
ಡಬ್ಬಿ ಕುಂಯ್ ಅಂತು.

ಗ್ರೇಟ್ ಡೇನ್ ಜಾತಿ, ಇದರ ತಾಯಿ ಕರುವಿನಷ್ಟು ಎತ್ತರ
ಅಂದಳು. ಯಾಪಾರದ ಮಾತು ಅಂದುಕೊಂಡೆ.
ಕೈಯಾಗ ಹಿಡದರ ಆಗ ಕಟ್ಟಿದ ಅಂಟಿನುಂಡಿ,
ಅದ ಬಣ್ಣ, ಅದ ಬಿಸಿ.
ಹೆಸರಿಗೆ ಹುಡುಕಾಡಲಿಲ್ಲ.

ಟೇಪು ಹಚ್ಚಿದೆ. ಯಾರ ಬಂದರೂ
ನನ್ನ ಕೈ ಮೊದಲ ಟೇಪಿಗೆ ಹೋಗತದ.
ಅಳತಿ ಬುಕ್ಕಿನಾಗ, ಗಾಡಗೀಳ ವೈನಿಯ ಸೊಂಟದ ಕೆಳಗ
ಬರದೆ: ಉಂಡಿ. ಎದಿ ಹದಿನಾರು. ಉದ್ದ ಹದಿನೈದು.
ತೋಳು, ನಾಕು.

ಕರ್ವೆ ರಸ್ತೆಯ ಡಾಕ್ಟರು ಹಿಂಗಾಲು ಮಡಚಿ, ಬಿಚ್ಚಿ,
ದೊಡ್ಡ ಜಾತಿಗೆ ಮೈ ಓಡತದ,
ಎಲುಬು ಹಿಂದಿನಿಂದ ನಡಕೋತ ಬರತದ,
ನಾ ಹೇಳೂತನಕ ಮೆಟ್ಟಲ ಹತ್ತಿಸಬ್ಯಾಡ ಅಂದರು.
ನಮ್ಮದು ಮೂರನೇ ಮಾಳಿಗಿ.
ಲಿಫ್ಟಿನ ಸಲುವಾಗಿ ಸೊಸೈಟಿಯವರು
ಎಂಟು ವರ್ಷದಿಂದ ಮೀಟಿಂಗು ಮಾಡಿ ಚಾ ಕುಡೀತಾರ.

ನಲವತ್ತೆಂಟು ಮೆಟ್ಟಲು.
ಏಳು ಕಿಲೋ ಇದ್ದಾಗ ಕಂಕುಳಾಗ,
ಹದಿಮೂರಾದಾಗ ಎದಿಗೆ ಅವಚಿ,
ಇಪ್ಪತ್ತೊಂದಕ್ಕ ಹೆಗಲ ಮ್ಯಾಲೆ, ಕುರುಬರು ಮರಿ ಹೊತ್ತಂಗ,
ಅದರ ಒಂದು ಕಿವಿ ನನ್ನ ಬಾಯಾಗ.
ರಾತ್ರಿ ಎರಡಕ್ಕ ಉಚ್ಚಿಗೆ ಇಳಿಸಿದರ
ಓಣಿಯ ನಾಯಿಗಳೆಲ್ಲ ಎದ್ದು ಬಂದು
ನನ್ನ ನೈಟಿ ನೋಡಿ
ಹೋಗಿ ಮಲಗಿದವು.

ಕುಂದ್ರು ಅಂದರ ಕುಂದರತದ.
ತಡಿ ಅಂದರ ತಡೀತದ, ಬಟ್ಟಲದ ಮುಂದ, ಜೊಲ್ಲು ಸುರಿಸಿಕೋತ.
ಬಿಡು ಅಂದರ ಬಿಡಂಗಿಲ್ಲ.
ಎರಡು ಟೇಪು, ಒಂದು ಬಾಬಿನ್ನು,
ತುಳಶೀಬಾಗಿನಿಂದ ತಂದ ಮುತ್ತಿನ ಗುಂಡಿ ಏಳು.
(ಏಳೂ ಹೊರಗ ಬಂದವು. ಎಣಿಸಿದೆ.
ಕುದಿಸಿ, ತೊಳದು, ಹಚ್ಚಿದೆ.
ಯಾರ ಬ್ಲೌಜಿಗಂತ ಹೇಳಂಗಿಲ್ಲ.)

ಇವತ್ತು ಎದಿಗೆ ಜಿಗದರ ಮುದ್ದು,
ನಾಳೆ ಜಿಗದರ ಪೊಲೀಸ್ ಕೇಸು.
ಅದಕ್ಕ ಜಿಗದಾಗೊಮ್ಮೆ ಬೆನ್ನು ತಿರುವಿ ನಿಲ್ಲಬೇಕಂತ.
ಉಂಡಿ ನಾಕು ದಿನಕ್ಕ ಕಲೀತು.
ನನಗ ತಿಂಗಳು ಹಿಡೀತು.

ಎರಡನೇ ಮಾಳಿಗಿಯ ಗಾಡಗೀಳ ವೈನಿ
ಕಂಡಾಗೊಮ್ಮೆ ಬೆರಳು ಎತ್ತಿ "ಬಸ್" ಅಂತಾಳ.
ಮರಾಠಿಯೊಳಗ ಕುಂದ್ರು ಅಂತ.
ಉಂಡಿ ರಸ್ತಾ ಕಡೆ ನೋಡತದ,
ಯಾವ ಬಸ್ಸು, ಸ್ವಾರಗೇಟಿಂದೋ, ಕಾತ್ರಜಿಂದೋ.

ಮೂವತ್ತು ಕಿಲೋಕ್ಕ ನನ್ನ ಮೊಣಕಾಲು ಮಾತಾಡಿದವು.
ಹಳೇ ಜೀನ್ಸು ಕತ್ತರಿಸಿ, ದಪ್ಪ ಸೂಜಿ, ಡಬಲ್ ಹೊಲಿಗಿ,
ನಾಕು ಕಾಲಿಗೆ ನಾಕು ತೂತು,
ಮುಂದೊಂದು ಹಿಂದೊಂದು ಹಿಡಿಕಿ ಇಟ್ಟು ಜೋಳಿಗಿ ಮಾಡಿದೆ.
ಮಾಡಿದ ಮ್ಯಾಲೆ ಹೊಳೀತು
ಹಿಂದಿನ ಹಿಡಿಕಿಗೆ ಮನುಷಾರು ಬೇಕು.

ಸಂಜಿ ಏಳಕ್ಕ, ಕೆಳಗ, ಮೀಟರ್ ಡಬ್ಬಿಯ ಹತ್ತರ
ನಾವಿಬ್ಬರೂ ಕುಂತಿದ್ದಿವಿ.
ವೈನಿ ಬಂದಳು. ರಾತ್ರಿಯೆಲ್ಲ ನನ್ನ ತಲಿ ಮ್ಯಾಲೆ
ಬತ್ತ ಕುಟ್ಟತದ ನಿನ್ನ ನಾಯಿ, ಅಂದಳು.
ಸೆರಗು ಸೊಂಟಕ್ಕ ಸಿಗಿಸಿದಳು.
"ಕಚ್ಚತದೇನು?"
"ಹಿಂದಿನ ಕಡೆ ಹಲ್ಲಿಲ್ಲರೀ ವೈನಿ."

ಆಮ್ಯಾಲೆ ದಿನಾ ಏಳಕ್ಕ ಆ ಬಾಗಲಾ ತಾನ ತೆರೀತಿತ್ತು.
ಅದರ ಬಗ್ಗೆ ನಾವು ಮಾತಾಡಿಲ್ಲ.
ಈ ಸಲದ ಆಕಿಯ ಬ್ಲೌಜಿಗೆ ಹೊಲಿಗಿ ಹಿಡೀಲಿಲ್ಲ,
ಅದರ ಬಗ್ಗೆಯೂ.

ಮೊನ್ನೆ ಎಕ್ಸ್‌ರೇ ಬೆಳಕಿಗೆ ಹಿಡದು
ಸಾಕು, ಇನ್ನ ಹತ್ತಲಿ, ಅಂದರು ಡಾಕ್ಟರು.
ಎದಿ ಮೂವತ್ತೆರಡು, ತೂಕ ನಲವತ್ತು.
ಜೋಳಿಗಿ ಮಡಚಿ ಬಗಲಾಗ ಇಟಗೊಂಡು ಬಂದೆ.
ಉಂಡಿ ಮೊದಲನೇ ಮೆಟ್ಟಲಿಗೆ ಮುಂಗಾಲು ಇಟ್ಟು
ಮೂಸಿ, ತೆಗದು,
ಯಾರಾರ ಎತ್ತತಾರೇನು ಅಂತ ನಿಂತತು.
ಬಾ ಅಂದೆ. ಬಿಸ್ಕೀಟು ತೋರಿಸಿದೆ. ಬೆನ್ನು ತಿರುವಿದೆ.

ವೈನಿ ಇಳದು ಬಂದಳು, ಸೆರಗು ಆಗಲೇ ಸೊಂಟಕ್ಕ.
ಹೊರೂದಿಲ್ಲ ಇನ್ನ ಅಂತ ನಾ ಹೇಳಿದ್ದ ಕೇಳಿ
ಸಿಗಿಸಿದ ಸೆರಗು ತೆಗೀಲಿಲ್ಲ,
ಬ್ಯಾರೆ ಎಲ್ಲೋ ನೋಡಿ
"ಬಸ್" ಅಂದಳು. ಸಾಕು ಅಂದಳೋ, ಏನೋ.

ಉಂಡಿ ಕುಂತತು.
ಹತ್ತು ತಿಂಗಳಿನಾಗ ಮೊದಲನೇ ಸಲ,
ಮೆಟ್ಟಲಿಗೆ ಅಡ್ಡಾಗಿ, ದಾರಿ ಬಿಡದಂಗ.
ನಾವೂ ಕುಂತಿವಿ.